ಬೆಲ್‌ಫಾಸ್ಟ್‌ಗೆ ಬರುವವರು ಜುಲೈ ಬಿಟ್ಟು ಬನ್ನಿ

ಬೆಲ್‌ಫಾಸ್ಟ್‌ನ ಪಶ್ಚಿಮ ಭಾಗದಲ್ಲಿ ಬಾಂಬೆ ಸ್ಟ್ರೀಟ್ ಎಂಬ ಸಣ್ಣ ಬೀದಿಯಿದೆ. ಅದಕ್ಕೆ ಹೊಂದಿಕೊಂಡು ಕಾಶ್ಮೀರ್ ರೋಡ್, ಅಲ್ಲೇ ಹತ್ತಿರದಲ್ಲಿ ಕಾನ್ಪುರ, ಲಕ್ನೋಗಳ ಹೆಸರಿನ ಬೀದಿಗಳು. ಈ ಊರು ಲಿನನ್ ಗಿರಣಿಗಳಿಂದ ಬದುಕುತ್ತಿದ್ದ ಕಾಲದಲ್ಲಿ, ಬ್ರಿಟಿಷ್ ಸಾಮ್ರಾಜ್ಯದ ಊರುಗಳ ಹೆಸರನ್ನು ಇಲ್ಲಿನ ಕೂಲಿಕಾರರ ಸಾಲುಮನೆಗಳಿಗೆ ಇಟ್ಟರು. 1969ರ ಆಗಸ್ಟ್ 15ರಂದು, ನಮ್ಮಲ್ಲಿ ಶಾಲೆ ಶಾಲೆಗಳಲ್ಲಿ ಧ್ವಜ ಹಾರಿಸುತ್ತಿದ್ದ ದಿನವೇ, ಈ ಬಾಂಬೆ ಸ್ಟ್ರೀಟ್ ಹೊತ್ತಿ ಉರಿಯಿತು. ಕ್ಯಾಥೊಲಿಕರ ಮನೆಗಳಿಗೆ ಪಕ್ಕದ ಕೇರಿಯ ಪ್ರಾಟೆಸ್ಟಂಟ್ ಗುಂಪುಗಳು ಬೆಂಕಿ ಹಚ್ಚಿದ್ದವು. ಜನ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿದರು. ಅದೇ ದಿನ ಬ್ರಿಟಿಷ್ ಸೈನ್ಯ ಬೆಲ್‌ಫಾಸ್ಟ್‌ನ ಬೀದಿಗಿಳಿಯಿತು. ಮುಂದಿನ ತಿಂಗಳು ಎರಡು ಕೇರಿಗಳ ನಡುವೆ ಮುಳ್ಳುತಂತಿ, ತಗಡು ಹಾಕಿ ಅಡ್ಡ ಕಟ್ಟಿದರು. ಇದು ತೀರಾ ತಾತ್ಕಾಲಿಕ, ಬರ್ಲಿನ್ ಗೋಡೆಯಂತೆ ಉಳಿಯಲು ಬಿಡುವುದಿಲ್ಲ ಎಂದು ಆಗಿನ ಸೇನಾಧಿಕಾರಿ ಜನರಲ್ ಫ್ರೀಲ್ಯಾಂಡ್ ಹೇಳಿದ್ದರು.

ಬರ್ಲಿನ್ ಗೋಡೆ 1989ರಲ್ಲಿ ಬಿತ್ತು. ಇಲ್ಲಿನದು ಇನ್ನೂ ನಿಂತಿದೆ. ಕೆಳಗೆ ಕಾಂಕ್ರೀಟ್, ಅದರ ಮೇಲೆ ತಗಡು, ಅದರ ಮೇಲೆ ತಂತಿಬಲೆ: ಪ್ರತಿ ಸಲ ಕಲ್ಲು ಇನ್ನಷ್ಟು ಎತ್ತರಕ್ಕೆ ಹಾರಿದಾಗಲೂ ಒಂದೊಂದು ಅಂತಸ್ತು ಏರಿಸಿದ್ದಾರೆ. ಮತ್ತೆ ಕಟ್ಟಿಕೊಂಡ ಬಾಂಬೆ ಸ್ಟ್ರೀಟ್ ಮನೆಗಳ ಹಿತ್ತಿಲು ಗೋಡೆಗೆ ತಾಗಿಕೊಂಡೇ ಇದೆ. ಆ ಹಿತ್ತಿಲುಗಳ ಮೇಲೆ ಕಬ್ಬಿಣದ ಜಾಲರಿ ಹಾಸಿದ್ದಾರೆ. ಆಚೆಯಿಂದ ಕಲ್ಲು, ಪೆಟ್ರೋಲ್ ಬಾಟಲಿ ಬಿದ್ದರೆ ಅಡುಗೆಮನೆಯ ಕಿಟಕಿಗೆ ತಾಗಬಾರದೆಂದು. ಜಾಲರಿಯ ಕೆಳಗೆ ಬಟ್ಟೆ ಒಣಗುತ್ತಿರುತ್ತದೆ, ಮಕ್ಕಳ ಸೈಕಲ್ ನಿಂತಿರುತ್ತದೆ.

ನಾನು ಈ ಊರಿನ ದಕ್ಷಿಣ ಭಾಗದಲ್ಲಿ, ಆರ್ಮೋ ರೋಡ್ ಹತ್ತಿರ ಸಂಸಾರ ಹೂಡಿದ್ದೇನೆ. ಸಾಗರದಿಂದ ಅಕ್ಕ, ಭಾವ ಬರಬೇಕೆಂದು ಎಷ್ಟೋ ಕಾಲದಿಂದ ಮಾತಾಗುತ್ತಲೇ ಇದೆ. ಫೋನ್ ಮಾಡಿದಾಗಲೆಲ್ಲ ಅಕ್ಕನದು ಒಂದೇ ಪ್ರಶ್ನೆ: “ಅಲ್ಲಿ ಬಾಂಬು ಗೀಂಬು ಹಾಕ್ತಿದ್ರಂತಲ್ಲೇ, ಈಗ ಗಲಾಟೆ ಇಲ್ವೇನೆ? ನಿಮ್ಮ ಭಾವ ಇನ್ನೂ ಟಿಕೆಟ್ ತಗೊಳ್ಳೋಕೆ ಒಪ್ತಾ ಇಲ್ಲ.” “ಇಲ್ಲಕ್ಕಾ, ಏನೂ ಇಲ್ಲ” ಎಂದು ಹೇಳಿಬಿಡುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. ಇಲ್ಲಿ ಕ್ಷೇಮವಾಗಿ ಓಡಾಡುವುದು ಎಂದರೇನೆಂದು ಊರಿನವರೇ ಮೂವತ್ತು ವರ್ಷ ನೋವುಂಡು ಕಲಿತಿದ್ದಾರೆ. ಅವರು ಕಲಿತದ್ದನ್ನು ತಿಳಿದುಕೊಂಡು ಬಂದವರಿಗೆ ಬೆಲ್‌ಫಾಸ್ಟ್ ತೆರೆದುಕೊಳ್ಳುವಷ್ಟು ಟೈಟಾನಿಕ್ ಮ್ಯೂಸಿಯಂ ನೋಡಿ ವಾಪಸು ಹೋಗುವವರಿಗೆ ತೆರೆದುಕೊಳ್ಳುವುದಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಜಗಳದ ಬೇರು ಹಳೆಯದು. 1921ರಲ್ಲಿ ಐರ್ಲೆಂಡ್ ಇಬ್ಭಾಗವಾದಾಗ ಬೆಲ್‌ಫಾಸ್ಟ್ ಇರುವ ಉತ್ತರದ 6 ಕೌಂಟಿಗಳು ಬ್ರಿಟನ್ನಿನಲ್ಲೇ ಉಳಿದವು. ಬ್ರಿಟನ್ ಜೊತೆಗೇ ಇರಬೇಕೆನ್ನುವ ಯೂನಿಯನಿಸ್ಟರು ಹೆಚ್ಚಾಗಿ ಪ್ರಾಟೆಸ್ಟಂಟರು. ಇಡೀ ಐರ್ಲೆಂಡ್ ಒಂದಾಗಬೇಕೆನ್ನುವ ನ್ಯಾಷನಲಿಸ್ಟರು ಹೆಚ್ಚಾಗಿ ಕ್ಯಾಥೊಲಿಕರು. ಮನೆ ಹಂಚಿಕೆ, ಕೆಲಸ, ಮತದಾನ ಎಲ್ಲದರಲ್ಲೂ ಕ್ಯಾಥೊಲಿಕರಿಗೆ ಅನ್ಯಾಯವಾಗುತ್ತಿದೆ ಎಂದು 1960ರ ದಶಕದ ಕೊನೆಗೆ ನಾಗರಿಕ ಹಕ್ಕುಗಳ ಚಳವಳಿ ಎದ್ದಿತು. ಅದರ ಮೇಲೆ ಲಾಠಿ ಬಿತ್ತು, ನಂತರ ಬಂದೂಕುಗಳು ಬಂದವು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಶಾಂತಿ ಒಪ್ಪಂದದವರೆಗೆ ಸತ್ತವರು 3,500ಕ್ಕೂ ಹೆಚ್ಚು. ಇಷ್ಟು ಚಿಕ್ಕ ನಾಡಿನಲ್ಲಿ ಅದೆಷ್ಟು ದೊಡ್ಡ ಸಂಖ್ಯೆಯೆಂದು ಇಲ್ಲಿನವರ ಜೊತೆ ಒಂದು ಸಂಜೆ ಕೂತರೆ ತಿಳಿಯುತ್ತದೆ. ಯಾರನ್ನೂ ಕಳೆದುಕೊಳ್ಳದ ಮನೆತನ ಸಿಗುವುದು ಕಷ್ಟ.

ಆ ಗಲಭೆಯ ಕಾಲದಲ್ಲಿ ಪೇಟೆಗೆ ಹೋಗುವುದೇ ಒಂದು ಯೋಜನೆ. 1972ರ ಜುಲೈ 21, ಶುಕ್ರವಾರ, ಹೆಚ್ಚುಕಡಿಮೆ ಒಂದು ಗಂಟೆಯೊಳಗೆ, ಐರ್ಲೆಂಡ್ ಒಂದಾಗಲೆಂದು ಬಂದೂಕು ಹಿಡಿದಿದ್ದ ಐಆರ್‌ಎ ಊರಿನ ತುಂಬ 20 ಬಾಂಬ್ ಸಿಡಿಸಿತು. ಆಕ್ಸ್‌ಫರ್ಡ್ ಸ್ಟ್ರೀಟ್ ಬಸ್ ನಿಲ್ದಾಣವೂ ಸೇರಿ ಬೇರೆ ಬೇರೆ ಕಡೆ 9 ಜನ ಸತ್ತರು. ಆ ವರ್ಷಗಳಲ್ಲಿ ನಗರಕೇಂದ್ರದ ಸುತ್ತ ಕಬ್ಬಿಣದ ಗೇಟುಗಳು ಎದ್ದವು. ರಾಯಲ್ ಅವೆನ್ಯೂಗೆ ಹೋಗಿ ಮಗುವಿಗೆ ಬೂಟು ತರಬೇಕೆಂದರೂ ಗೇಟಿನಲ್ಲಿ ಮೈ ತಡವಿಸಿಕೊಳ್ಳಬೇಕು, ಚೀಲ ಬಿಚ್ಚಿ ತೋರಿಸಬೇಕು. ಒಳಗೆ ಹೋದಮೇಲೆ ಅಂಗಡಿ ಬಾಗಿಲಲ್ಲಿ ಮತ್ತೆ ಅದೇ. ಕಾರು ನಿಲ್ಲಿಸಿ ಇಳಿದುಹೋಗುವಂತಿಲ್ಲದ ಬೀದಿಗಳಿದ್ದವು. ಖಾಲಿ ಕಾರೆಂದರೆ ಬಾಂಬ್ ಕಾರೆಂದೇ ಸೈನಿಕರು ತಿಳಿಯುತ್ತಿದ್ದರು. ಹಾಗಾಗಿ ಮನೆಯಲ್ಲಿ ಒಬ್ಬರು ಕಾರಲ್ಲಿ ಕೂರಲೆಂದೇ ಜೊತೆಗೆ ಬರಬೇಕಿತ್ತು. ನಮ್ಮ ಪಕ್ಕದ ಮನೆಯ ಅಜ್ಜಿ ಈಗಲೂ ಹೇಳುತ್ತಾರೆ: ಅವರ ಬಾಲ್ಯದ ಶನಿವಾರಗಳೆಂದರೆ ಹಿಂದಿನ ಸೀಟಿನಲ್ಲಿ ಕೂತು, ಅಮ್ಮ ಅಂಗಡಿಯಿಂದ ಬರುವುದನ್ನು ಕಾಯುವುದು. ಸಂಜೆ ಆರಾದಮೇಲೆ ಪೇಟೆಯಲ್ಲಿ ನರಪಿಳ್ಳೆಯೂ ಇರುತ್ತಿರಲಿಲ್ಲ.

ಹೊರಗಿನಿಂದ ಬಂದವರು ಇಳಿದುಕೊಳ್ಳುತ್ತಿದ್ದದ್ದು ಗ್ರೇಟ್ ವಿಕ್ಟೋರಿಯಾ ಸ್ಟ್ರೀಟ್‌ನ ಯೂರೋಪಾ ಹೋಟೆಲಿನಲ್ಲಿ. 1971ರಲ್ಲಿ ಶುರುವಾದ ಆ ಹೋಟೆಲಿಗೆ 30ಕ್ಕೂ ಹೆಚ್ಚು ಸಲ ಬಾಂಬ್ ಬಿದ್ದಿದೆ. ಅತಿಥಿಗಳಲ್ಲಿ ಬಹುಪಾಲು ಪತ್ರಕರ್ತರೇ. ಕಿಟಕಿ ಒಡೆದರೆ ಹಲಗೆ ಹೊಡೆದು, ಮರುದಿನ ತಿಂಡಿ ಬಡಿಸುತ್ತಿದ್ದರಂತೆ. 1994ರ ಕದನವಿರಾಮದ ನಂತರ, 1995ರ ನವೆಂಬರಿನಲ್ಲಿ, ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಅಲ್ಲೇ ಉಳಿದುಕೊಂಡರು. ಇವತ್ತೂ ಆ ಹೋಟೆಲು ನಡೆಯುತ್ತಿದೆ. ಊರಿನ ಮಧ್ಯದಲ್ಲಿರುವುದರಿಂದ ಮೊದಲ ಸಲ ಬರುವವರಿಗೆ ಅನುಕೂಲ ಕೂಡ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಕಪ್ಪು ಟ್ಯಾಕ್ಸಿಗಳ ಕಥೆ. ಗಲಭೆಯಾದಾಗಲೆಲ್ಲ ಬಸ್ಸುಗಳನ್ನು ಹಿಡಿದು ಅಡ್ಡ ನಿಲ್ಲಿಸಿ ಸುಡುತ್ತಿದ್ದರು. ಪಶ್ಚಿಮ ಬೆಲ್‌ಫಾಸ್ಟ್‌ಗೆ ಬಸ್ ಬರುವುದೇ ನಿಂತಿತು. ಆಗ ಕೆಲವರು ಲಂಡನ್ನಿನಲ್ಲಿ ಓಡಿ ಹಳೆಯದಾದ ಕಪ್ಪು ಟ್ಯಾಕ್ಸಿಗಳನ್ನು ಕೊಂಡು ತಂದು ಕ್ಯಾಥೊಲಿಕರ ಕೇರಿಯ ಫಾಲ್ಸ್ ರೋಡ್‌ನಲ್ಲಿ ಬಿಟ್ಟರು. ಶಾಂಕಿಲ್ ರೋಡ್‌ನಲ್ಲಿ ಪ್ರಾಟೆಸ್ಟಂಟರೂ ಅದನ್ನೇ ಮಾಡಿದರು. ಹಿಂದೆ ಮೂವರು, ಅವರೆದುರಿಗೆ ಮಡಚುವ ಸೀಟಿನಲ್ಲಿ ಇಬ್ಬರು, ಡ್ರೈವರ್ ಪಕ್ಕ ಒಬ್ಬರು. ಗುರುತಿಲ್ಲದವರ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು, ಇಳಿಯುವ ಜಾಗ ಬಂದಾಗ ನಡುವಿನ ಗಾಜಿಗೆ ನಾಣ್ಯದಿಂದ ಟಕಟಕ ತಟ್ಟಬೇಕು. ಇಳಿದು, ಡ್ರೈವರನ ಕಿಟಕಿಯ ಹತ್ತಿರ ಹೋಗಿ ದುಡ್ಡು ಕೊಡಬೇಕು. ಈ ಕೆಲಸ ಮಾಡುತ್ತಲೇ ಹಲವು ಡ್ರೈವರ್‌ಗಳು ಗುಂಡಿಗೆ ಬಲಿಯಾದರು. ಯಾವ ಟ್ಯಾಕ್ಸಿ ಯಾವ ರಸ್ತೆಯಲ್ಲಿ ಓಡುತ್ತದೆ ಎಂಬುದರಿಂದಲೇ ಒಳಗಿರುವವರ ಧರ್ಮ ಗೊತ್ತಾಗುತ್ತಿತ್ತಲ್ಲ!

ಈಗ ಅದೇ ಡ್ರೈವರ್‌ಗಳಲ್ಲಿ ಹಲವರು ಪ್ರವಾಸಿಗರಿಗೆ ಊರು ತೋರಿಸುತ್ತಾರೆ. ನಾನು ಬಂದವರನ್ನೆಲ್ಲ ಮೊದಲು ಕಳಿಸುವುದು ಇವರ ಜೊತೆಗೇ. ಒಂದೂವರೆ ಗಂಟೆಯಲ್ಲಿ ಫಾಲ್ಸ್, ಶಾಂಕಿಲ್ ಎರಡೂ ಕಡೆ ಹೋಗುತ್ತಾರೆ, ಗೋಡೆಚಿತ್ರಗಳ ಮುಂದೆ ನಿಲ್ಲಿಸಿ ಹೇಳುತ್ತಾರೆ. 1981ರಲ್ಲಿ ಜೈಲಿನಲ್ಲಿ ಉಪವಾಸ ಮಾಡಿ ಸತ್ತ ಐಆರ್‌ಎ ಕೈದಿ ಬಾಬಿ ಸ್ಯಾಂಡ್ಸ್‌ನ ನಗುಮುಖ ಫಾಲ್ಸ್ ರೋಡ್ ಪಕ್ಕದ ಗೋಡೆಯಲ್ಲಿದೆ. ಕಾಲುನಡಿಗೆಯಲ್ಲಿ ನೋಡಬೇಕೆಂದರೆ ಹಿಂದೆ ಜೈಲಿನಲ್ಲಿದ್ದವರೇ ಕರೆದೊಯ್ಯುವ ಏರ್ಪಾಡಿದೆ: ಫಾಲ್ಸ್ ಕಡೆಯದನ್ನು ಐರ್ಲೆಂಡ್ ಒಂದಾಗಲೆಂದು ಹೋರಾಡಿ ಜೈಲು ಸೇರಿದ್ದ ಒಬ್ಬ ಮಾಜಿ ಕೈದಿ ಹೇಳುತ್ತಾನೆ, ಗೋಡೆಯ ಗೇಟಿನಲ್ಲಿ ಇನ್ನೊಂದು ಕಡೆಯ ಮಾಜಿ ಕೈದಿ ನಿಮ್ಮನ್ನು ಎದುರುಗೊಳ್ಳುತ್ತಾನೆ. ಎರಡು ಕಥೆ ಒಂದಕ್ಕೊಂದು ಹೊಂದುವುದಿಲ್ಲ. ಎರಡನ್ನೂ ಕೇಳಿಸಿಕೊಳ್ಳಿ, ನಡುವೆ ತೀರ್ಪು ಹೇಳಲು ಹೋಗಬೇಡಿ. ಒಂದೇ ಕಡೆಯವರ ಮಾತು ಕೇಳಿ ಊರಿಗೆ ಮರಳುವುದು ನನಗೆ ಒಪ್ಪಿಗೆಯಿಲ್ಲ. ಹಾಗೆಯೇ ಬಾಂಬೆ ಸ್ಟ್ರೀಟ್‌ನ ಆ ಹಿತ್ತಿಲುಗಳಿಗೆ ಕ್ಯಾಮೆರಾ ಹಿಡಿಯುವುದೂ ಒಪ್ಪಿಗೆಯಿಲ್ಲ. ಅಲ್ಲಿ ಜನ ವಾಸವಾಗಿದ್ದಾರೆ. ಅದೇ ಬೀದಿಯಲ್ಲಿ ಸತ್ತವರ ನೆನಪಿಗೆ ಮಾಡಿದ ತೋಟವಿದೆ, ಹತ್ತಿರದಲ್ಲೇ ಕ್ಲೋನಾರ್ಡ್ ಮಠವಿದೆ. ಫಾದರ್ ಅಲೆಕ್ ರೀಡ್ ಗುಟ್ಟಾಗಿ ಶಾಂತಿ ಮಾತುಕತೆಗೆ ದಾರಿ ಮಾಡಿಕೊಟ್ಟ ಜಾಗವದು. ಅಲ್ಲಿ ಸ್ವಲ್ಪ ಹೊತ್ತು ಕೂತುಬನ್ನಿ.

ಗೇಟುಗಳ ವಿಷಯ ಹೇಳಲೇಬೇಕು. ಫಾಲ್ಸ್, ಶಾಂಕಿಲ್ ರಸ್ತೆಗಳು ಅಕ್ಕಪಕ್ಕದಲ್ಲೇ ಓಡುತ್ತವೆ, ಆದರೆ ಒಂದರಿಂದ ಇನ್ನೊಂದಕ್ಕೆ ದಾಟಲು ಇರುವ ಲ್ಯಾನಾರ್ಕ್ ವೇ, ನಾರ್ಥಂಬರ್ಲೆಂಡ್ ಸ್ಟ್ರೀಟ್ ಗೇಟುಗಳನ್ನು ಇಂದಿಗೂ ರಾತ್ರಿ ಮುಚ್ಚುತ್ತಾರೆ. ಮೊಬೈಲಿನ ಮ್ಯಾಪ್ ನಂಬಿ ಕತ್ತಲಾದಮೇಲೆ ನಡೆದುಹೋದವರು ಕಬ್ಬಿಣದ ಬಾಗಿಲ ಮುಂದೆ ನಿಲ್ಲಬೇಕಾಗುತ್ತದೆ. ಹಗಲು ಹೊತ್ತಿನಲ್ಲೇ ಈ ಭಾಗ ಮುಗಿಸಿಕೊಳ್ಳಿ. 2021ರ ಏಪ್ರಿಲ್‌ನಲ್ಲಿ ಗಲಭೆಯಾದಾಗ ಬಸ್ಸೊಂದಕ್ಕೆ ಬೆಂಕಿ ಬಿದ್ದದ್ದು ಇದೇ ಲ್ಯಾನಾರ್ಕ್ ವೇ ಮೂಲೆಯಲ್ಲಿ. 2023ರೊಳಗೆ ಎಲ್ಲ ಗೋಡೆ ತೆಗೆಯುತ್ತೇವೆಂದು ಸರ್ಕಾರ 2013ರಲ್ಲಿ ಹೇಳಿತ್ತು. ತೆಗೆದದ್ದು ಕೆಲವೇ ಕೆಲವು. ಪಕ್ಕದಲ್ಲಿರುವವರಿಗೇ ಇನ್ನೂ ಧೈರ್ಯ ಬಂದಿಲ್ಲ. ಉತ್ತರ ಬೆಲ್‌ಫಾಸ್ಟ್‌ನ ಅಲೆಕ್ಸಾಂಡ್ರಾ ಪಾರ್ಕ್ ನೋಡಿದರೆ ಇದು ಅರ್ಥವಾಗುತ್ತದೆ. ಐಆರ್‌ಎ ಕದನವಿರಾಮ ಸಾರಿದ್ದು 1994ರ ಆಗಸ್ಟ್ 31ಕ್ಕೆ. ಮಕ್ಕಳು ಆಡುವ ಆ ಪಾರ್ಕಿನ ನಡುವೆ ಗೋಡೆ ಕಟ್ಟಲು ಶುರುಮಾಡಿದ್ದು ಅದರ ಮರುದಿನ. 2011ರಲ್ಲಿ ಅದರಲ್ಲೊಂದು ಸಣ್ಣ ಬಾಗಿಲು ಮಾಡಿ, ಹಗಲು ತೆರೆದಿಡುತ್ತಿದ್ದಾರೆ.

ಇನ್ನು ದಿನ ನಿಶ್ಚಯ ಮಾಡುವುದು. ನಮ್ಮಲ್ಲಿ ಪಂಚಾಂಗ ನೋಡದೆ ಪ್ರಯಾಣ ಹೊರಡದವರಿದ್ದಾರಲ್ಲ, ಈ ಊರಿಗೆ ಬರುವವರೂ ಹಾಗೆಯೇ ಇಲ್ಲಿನ ತಿಥಿ ನೋಡಬೇಕು. 1690ರಲ್ಲಿ ಬಾಯ್ನ್ ನದಿಯ ದಡದಲ್ಲಿ ಪ್ರಾಟೆಸ್ಟಂಟ್ ದೊರೆ ಮೂರನೇ ವಿಲಿಯಂ ಗೆದ್ದ ನೆನಪಿಗೆ ಜುಲೈ 12ರಂದು ಪ್ರಾಟೆಸ್ಟಂಟರ ಸಂಘವಾದ ಆರೆಂಜ್ ಆರ್ಡರ್‌ನವರ ದೊಡ್ಡ ಮೆರವಣಿಗೆ. ಹಿಂದಿನ ರಾತ್ರಿ ಮರದ ಪ್ಯಾಲೆಟ್‌ಗಳನ್ನು ಮನೆಗಿಂತ ಎತ್ತರ ಪೇರಿಸಿ ಬೆಂಕಿ ಹಾಕುತ್ತಾರೆ. ಯಾರಿಗೆ ಇದು ಹಬ್ಬವೋ ಅವರ ಮಟ್ಟಿಗೆ ಮನಃಪೂರ್ವಕವಾದ ಹಬ್ಬವೇ. ಅಜ್ಜ, ಮೊಮ್ಮಗ ಒಂದೇ ಸಾಲಿನಲ್ಲಿ ನಡೆಯುವುದನ್ನು ನೋಡಿದ್ದೇನೆ. ಇನ್ನೊಂದು ಕಡೆಯವರಿಗೆ ಅದು ಎದೆ ಹಿಂಡುವ ಸದ್ದು. ಬಹಳ ಜನ ಜುಲೈ 12ರ ಆಸುಪಾಸಿನ ಎರಡು ವಾರ ಊರನ್ನೇ ಬಿಟ್ಟು ಸಮುದ್ರತೀರಕ್ಕೋ ಗಡಿಯಾಚೆಯ ಡೊನೆಗಾಲ್‌ಗೋ ಹೋಗಿಬಿಡುತ್ತಾರೆ. 12ರಂದು ಹಲವು ಅಂಗಡಿ ಮುಚ್ಚಿರುತ್ತವೆ, ಬಸ್ ದಾರಿ ಬದಲಾಗುತ್ತದೆ. ಆಗಲೇ ಬರಬೇಕಾಗಿ ಬಂದರೆ ಹಗಲಿನ ಮೆರವಣಿಗೆಯನ್ನು ಪೇಟೆಯ ಮಧ್ಯದಲ್ಲಿ ನಿಂತು ನೋಡಿ, ರಾತ್ರಿಯ ಬೆಂಕಿಗೆ ಹೋಗಬೇಡಿ. ಕ್ಯಾಥೊಲಿಕರ ಮೆಚ್ಚಿನ ಸೆಲ್ಟಿಕ್ ತಂಡದ ಹಸಿರಾಗಲಿ ಪ್ರಾಟೆಸ್ಟಂಟರ ಮೆಚ್ಚಿನ ರೇಂಜರ್ಸ್ ತಂಡದ ನೀಲಿಯಾಗಲಿ, ಫುಟ್‌ಬಾಲ್ ಅಂಗಿ ಹಾಕಿಕೊಂಡು ತಿರುಗುವುದು ಯಾವ ತಿಂಗಳಲ್ಲೂ ಬೇಡ. ಅಕ್ಕನಿಗೆ ನಾನು ಹೇಳಿರುವುದು ಮೇ ತಿಂಗಳು ಇಲ್ಲವೇ ಸೆಪ್ಟೆಂಬರ್.

ಬಣ್ಣದ ಮಾತು ಬಂದಾಗ ಮೈಬಣ್ಣದ ಮಾತನ್ನೂ ಹೇಳುತ್ತೇನೆ, ಮುಚ್ಚಿಡುವುದು ಸರಿಯಲ್ಲ. ಹಳೆಯ ಜಗಳದಲ್ಲಿ ನಾವು ಹೊರಗಿನವರಾಗಿದ್ದೆವು. 2024ರ ಆಗಸ್ಟ್ 3ರಂದು ಹಾಗಿರಲಿಲ್ಲ. ವಲಸಿಗರ ವಿರುದ್ಧ ಎದ್ದ ಗುಂಪು ದಕ್ಷಿಣ ಬೆಲ್‌ಫಾಸ್ಟ್‌ನಲ್ಲಿ ಹೊರದೇಶದವರ ಅಂಗಡಿಗಳನ್ನು ಒಡೆದು ಬೆಂಕಿ ಹಾಕಿತು. ಆ ವಾರ ನಮ್ಮ ಮನೆಯಲ್ಲಿ ಯಾರೂ ಕತ್ತಲಾದಮೇಲೆ ಹೊರಗೆ ಕಾಲಿಡಲಿಲ್ಲ. ಮುಂದಿನ ಶನಿವಾರ ಸಾವಿರಾರು ಜನ ಜನಾಂಗದ್ವೇಷದ ವಿರುದ್ಧ ಇದೇ ಊರಿನ ಬೀದಿಯಲ್ಲಿ ನಡೆದರು, ಎರಡೂ ಕೇರಿಯವರು ಸೇರಿ. 2025ರ ಜೂನ್‌ನಲ್ಲಿ ಬ್ಯಾಲಿಮೀನಾ ಪಟ್ಟಣದಲ್ಲಿ ಮತ್ತೆ ಅಂಥದ್ದೇ ನಡೆಯಿತು. ಇಂಥ ಗಲಭೆಗೆ ತಿಥಿಯಿಲ್ಲ. ಹೊರಡುವ ಮೊದಲು ಒಂದು ವಾರ ಇಲ್ಲಿನ ಸುದ್ದಿ ಓದಿ, ಪ್ರತಿಭಟನೆಯ ಕರೆ ಇದ್ದರೆ ಆ ಬೀದಿ ಬಿಡಿ, ಏನಾದರೂ ಆದರೆ 999ಕ್ಕೆ ಫೋನ್ ಮಾಡಿ. ಕ್ಲಿಫ್ಟನ್ ಸ್ಟ್ರೀಟ್‌ನ ಇಂಡಿಯನ್ ಕಮ್ಯುನಿಟಿ ಸೆಂಟರ್‌ನಲ್ಲಿ ಲಕ್ಷ್ಮೀನಾರಾಯಣ ಮಂದಿರವಿದೆ. ಅದೇ ಬೀದಿಯಲ್ಲಿ ಆರೆಂಜ್ ಹಾಲ್ ಇದೆ, ಅದರ ನೆತ್ತಿಯ ಮೇಲೆ ಕುದುರೆಯೇರಿದ ದೊರೆ ವಿಲಿಯಂ. ಗಲಭೆಯ ಕಾಲದಲ್ಲೂ ನಮ್ಮವರು ಅಲ್ಲಿ ದೀಪಾವಳಿ ಮಾಡಿದ್ದಾರೆ. ಅಕ್ಕನನ್ನು ಅಲ್ಲಿಗಂತೂ ಕರೆದೊಯ್ಯುತ್ತೇನೆ.

ಓಡಾಟಕ್ಕೆ ಗ್ಲೈಡರ್ ಬಸ್ ಸಾಕು. 2018ರಲ್ಲಿ ಶುರುವಾದ ಈ ನೇರಳೆ ಬಸ್ಸಿನಲ್ಲಿ ಪಶ್ಚಿಮದ ತುದಿಯಲ್ಲಿ ಹತ್ತಿದವರು ಪೇಟೆಯ ಮೇಲೆ ಹಾಯ್ದು, ಇಳಿಯದೆ, ಪೂರ್ವದ ತುದಿ ಸೇರಬಹುದು. ಬಸ್ಸುಗಳನ್ನೇ ಸುಟ್ಟ ಫಾಲ್ಸ್ ರೋಡ್ ಮೇಲೆ ಅದು ದಿನವಿಡೀ ಓಡುವುದನ್ನು ನೋಡಿದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಡಬ್ಲಿನ್‌ನಿಂದ ಬರುವವರು ಎಂಟರ್‌ಪ್ರೈಸ್ ರೈಲು ಹಿಡಿಯಿರಿ. ಈ ಹಳಿಗೆ ಐಆರ್‌ಎ ಪದೇ ಪದೇ ಬಾಂಬ್ ಇಡುತ್ತಿದ್ದಾಗ, 1989ರಲ್ಲಿ ಎರಡೂ ಕಡೆಯ ಜನ ಸೇರಿ ‘ಪೀಸ್ ಟ್ರೇನ್’ ಎಂದು ಹೊರಡಿಸಿ ಅದರಲ್ಲಿ ಕೂತು ಓಡಾಡಿದ್ದರು. ಈಗ ಗಡಿ ಯಾವಾಗ ದಾಟಿತೆಂದೇ ತಿಳಿಯುವುದಿಲ್ಲ. ಹಾಗೆಂದು ವೀಸಾ ಬೇಡವೆಂದಲ್ಲ. ಬೆಲ್‌ಫಾಸ್ಟ್ ಇರುವುದು ಬ್ರಿಟನ್ನಿನ ಆಡಳಿತದಲ್ಲಿ, ಡಬ್ಲಿನ್ ಇರುವುದು ಬೇರೆಯೇ ದೇಶದಲ್ಲಿ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಒಂದೇ ವೀಸಾದಲ್ಲಿ ಎರಡೂ ಕಡೆ ಹೋಗುವ ಬ್ರಿಟಿಷ್-ಐರಿಷ್ ಯೋಜನೆಯಿದೆ. ವೀಸಾದ ಮೇಲೆ ಆ ಯೋಜನೆಯ ಗುರುತು ಬಿದ್ದಿರಬೇಕು, ಯಾವ ದೇಶ ವೀಸಾ ಕೊಟ್ಟಿತೋ ಮೊದಲು ಅಲ್ಲಿಗೇ ಇಳಿಯಬೇಕು. ರೈಲಿನಲ್ಲಿ ಒಮ್ಮೊಮ್ಮೆ ಅಧಿಕಾರಿಗಳು ಹತ್ತಿ ಪಾಸ್‌ಪೋರ್ಟ್ ಕೇಳುತ್ತಾರೆ. ಭಾವ ಟಿಕೆಟ್ ತೆಗೆಯುವ ಮೊದಲು ಇದೊಂದನ್ನು ಸರಿಯಾಗಿ ನೋಡಿಕೊಳ್ಳಲಿ, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ.