ತಾರೀಖಿನ ಚೀಟಿಯಿಂದ ಮೂವತ್ತು ಸೆಕೆಂಡಿಗೆ

ಕಾಲೇಜು ಗ್ರಂಥಾಲಯದಲ್ಲಿ ಕೆಲಸಕ್ಕೆ ಸೇರಿದ ದಿನ ನನ್ನ ಕೈಗೆ ಕೊಟ್ಟದ್ದು ತಾರೀಖಿನ ಮೊಹರು. ಪುಸ್ತಕದ ಕೊನೆಗೆ ಅಂಟಿಸಿದ ಚೀಟಿಯ ಮೇಲೆ ಒತ್ತಿದರೆ ನೇರಳೆ ಶಾಯಿಯಲ್ಲಿ ವಾಪಸಿನ ದಿನ ಮೂಡುತ್ತಿತ್ತು. ಚೀಟಿ ತುಂಬಿದರೆ ಅದರ ಮೇಲೇ ಇನ್ನೊಂದು. ಯಾವ ಪುಸ್ತಕ ಎಷ್ಟು ಓಡುತ್ತದೆಂದು ಆ ದಪ್ಪ ತಡವಿಯೇ ಹೇಳಬಹುದಿತ್ತು.

ಒಂದು ವರ್ಷ ಸ್ಟಾಕ್ ಪರಿಶೀಲನೆಗೆ ಬಂದವರು ನಿಘಂಟೊಂದನ್ನು ಎತ್ತಿ, "ಒಂದು ಮೊಹರೂ ಇಲ್ಲ, ಯಾರೂ ಮುಟ್ಟಿಲ್ಲ" ಎಂದರು. ಅದು ಮನೆಗೆ ಕೊಡುವ ಪುಸ್ತಕವೇ ಅಲ್ಲ. ಎರಡು ಸಲ ರಟ್ಟು ಕಟ್ಟಿಸಿದ್ದೆವು. ಪುಟದಂಚು ಕೈಬೆವರಿಗೆ ಕಪ್ಪಾಗಿತ್ತು. ಮರುದಿನವೇ "ತೆಗೆದ ಪುಸ್ತಕ ಮೇಜಿನ ಮೇಲೇ ಬಿಡಿ" ಎಂದು ಬೋರ್ಡು ತೂಗುಹಾಕಿ, ಸಂಜೆ ಸಂಜೆ ಗೀಟೆಳೆದು ಎಣಿಸತೊಡಗಿದೆ. ಶಿಸ್ತಿನ ಹುಡುಗರು ಮಾತ್ರ ಪುಸ್ತಕವನ್ನು ಕಪಾಟಿಗೇ ಸೇರಿಸಿ ನನ್ನ ಲೆಕ್ಕ ಕೆಡಿಸುತ್ತಿದ್ದರು.

ಇದೇ ಜಗಳ ದೊಡ್ಡ ಪ್ರಮಾಣದಲ್ಲಿ ಅಮೆರಿಕದಲ್ಲಿ ನಡೆದಿತ್ತು. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಅಲೆನ್ ಕೆಂಟ್ ನೇತೃತ್ವದ ಅಧ್ಯಯನ 1979ರಲ್ಲಿ ಪ್ರಕಟವಾಯಿತು. 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಸುಮಾರು ಶೇಕಡಾ 40ರಷ್ಟು ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ. ಅಲ್ಲೇ ಕೂತು ಓದಿದವರ ಲೆಕ್ಕ ಸರಿಯಾಗಿಲ್ಲವೆಂದು ವಿಮರ್ಶಕರು ತಿರುಗಿಬಿದ್ದರು. ಓದಿದಾಗ ನನಗೆ ನಮ್ಮ ನಿಘಂಟು ನೆನಪಾಯಿತು.

ಆಮೇಲೆ ಜರ್ನಲ್‌ಗಳು ತೆರೆಗೆ ಬಂದವು. ಲೆಕ್ಕ ಇಡುವವರು ನಾವಲ್ಲ, ಮಾರುವ ಪ್ರಕಾಶಕರೇ. ಒಬ್ಬೊಬ್ಬರದು ಒಂದೊಂದು ಅಳತೆ. ಇದಕ್ಕೊಂದು ಸೇರು ಪಾವು ಗೊತ್ತುಮಾಡಲು 2002ರಲ್ಲಿ 'ಕೌಂಟರ್' ಎಂಬ ವ್ಯವಸ್ಥೆ ಶುರುವಾಯಿತು. ಮರುವರ್ಷ ಮೊದಲ ನಿಯಮಾವಳಿ ಬಂತು. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಎರಡೆರಡು ಸಲ ಒತ್ತುವವರಿಗೆ ಹಾಕಿದ ಮೂಗುದಾರ. ಒಬ್ಬರೇ ಒಂದೇ ಪಿಡಿಎಫ್ ಅನ್ನು 30 ಸೆಕೆಂಡಿನೊಳಗೆ ಮತ್ತೆ ಒತ್ತಿದರೆ ಅದು ಒಂದೇ ಬಳಕೆ. ವೆಬ್ ಪುಟಕ್ಕೆ ಮೊದಲು 10 ಸೆಕೆಂಡಿತ್ತು. 2019ರಿಂದ ಜಾರಿಗೆ ಬಂದ ಐದನೇ ಆವೃತ್ತಿ ಎರಡಕ್ಕೂ 30 ಮಾಡಿತು; ಒಂದೇ ಲೇಖನವನ್ನು ವೆಬ್ ಪುಟದಲ್ಲೂ ಪಿಡಿಎಫ್‌ನಲ್ಲೂ ತೆರೆದರೆ ಒಂದೇ ಎಂದು ಎಣಿಸುವ ಕಾಲಂ ಕೂಡ ಕೊಟ್ಟಿತು. ಜಾಲ ಜಾಲಾಡುವ ರೋಬಾಟ್‌ಗಳನ್ನು ಲೆಕ್ಕದಿಂದ ಹೊರಗಿಡಬೇಕು. ಚಂದಾ ಹಣವನ್ನು ಈ ಸಂಖ್ಯೆಯಿಂದ ಭಾಗಿಸಿ, ತುಟ್ಟಿಯಾದ ಜರ್ನಲಿಗೆ ಕತ್ತರಿ ಹಾಕುವುದು ನಮ್ಮ ವಾರ್ಷಿಕ ಕರ್ಮವಾಯಿತು.

ಕನ್ನಡ ಪುಸ್ತಕಗಳ ಕತೆ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಂದಾಳತ್ವದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಹಳೆಯ ಪುಸ್ತಕಗಳನ್ನು ರಾಶಿರಾಶಿಯಾಗಿ ಸ್ಕ್ಯಾನ್ ಮಾಡಿತು. ಅವುಗಳಲ್ಲಿ ಬಹಳಷ್ಟು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಎಷ್ಟು ಸಲ ನೋಡಿದ್ದಾರೆಂಬ ಸಂಖ್ಯೆಯೂ ಜೊತೆಗಿದೆ. ಆದರೆ ಎಷ್ಟೋ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ಅದೂ ಅಡ್ಡಾದಿಡ್ಡಿಯಾಗಿ ಬರೆದಿದ್ದಾರೆ. ಕನ್ನಡದಲ್ಲಿ ಹುಡುಕಿದವರಿಗೆ ಅವು ಸಿಗುವುದೇ ಇಲ್ಲ. ಅಲ್ಲಿ ಕಡಿಮೆ ಸಂಖ್ಯೆ ಕಂಡರೆ ಓದುಗರನ್ನು ಬೈಯುವ ಮೊದಲು ಕ್ಯಾಟಲಾಗನ್ನು ನೋಡಬೇಕು.

ಮೊನ್ನೆ ಅಲ್ಲಿಂದಲೇ ಹಳೆಯ ಅಡುಗೆ ಪುಸ್ತಕವೊಂದನ್ನು ಇಳಿಸಿಕೊಂಡು, ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕಿದೆ. ಸಂಜೆಯೊಳಗೆ ಮೂರು ಮನೆಗಳಲ್ಲಿ ಅದರ ಗೊಜ್ಜು ಕುದಿಯಿತು. ಒಬ್ಬಳು ತಪ್ಪು ತಿದ್ದಿಯೂ ಕಳಿಸಿದಳು. ಆರ್ಕೈವ್‌ನ ಲೆಕ್ಕದಲ್ಲಿ ನಾನೊಬ್ಬನೇ. ಆ ನಿಘಂಟಿನ ಚೀಟಿಯ ಹಾಗೆ, ಆ ಮೂರು ಮನೆಗಳೂ ಖಾಲಿ.