ಸರ್ಕಾರಿ ಜಮೀನುಗಳ ಒತ್ತುವರಿ
ಕರ್ನಾಟಕ ಭೂ ಕಂದಾಯ ಅಧಿನಿಯಮ, 1964ರ 67ನೇ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಹಳ್ಳ, ಕೆರೆ ಹಾಗೂ ಅನ್ಯರ ಸ್ವತ್ತಲ್ಲದ ಜಮೀನುಗಳು ರಾಜ್ಯ ಸರ್ಕಾರಕ್ಕೆ ಸೇರಿರುತ್ತವೆ. ಗೋಮಾಳದಲ್ಲಿ ಆಯಾ ಗ್ರಾಮದ ಜಾನುವಾರುಗಳನ್ನು ಮೇಯಿಸುವ ಹಕ್ಕು ಮಾತ್ರ ಇರುತ್ತದೆ. ಇಂತಹ ಜಮೀನನ್ನು ಅನಧಿಕೃತವಾಗಿ ಅನುಭವಿಸುತ್ತಿರುವವರನ್ನು, ಯುಕ್ತ ಕಾಲಾವಕಾಶದ ನೋಟಿಸು ನೀಡಿ, 104ನೇ ಪ್ರಕರಣದ ಮೇರೆಗೆ ತೆರವುಗೊಳಿಸಲಾಗುತ್ತದೆ.

ಬಹುಕಾಲದ ಅನುಭವವಾಗಲಿ, ಕಟ್ಟಡಕ್ಕೆ ಮಾಡಿದ ಅಪಾರ ವೆಚ್ಚವಾಗಲಿ ಒತ್ತುವರಿಗೆ ಸಮರ್ಥನೆಯಾಗದೆಂದು ಸರ್ವೋಚ್ಚ ನ್ಯಾಯಾಲಯವು ಪಂಜಾಬಿನ ಗ್ರಾಮವೊಂದರ ಕೊಳಕ್ಕೆ ಸಂಬಂಧಿಸಿದಂತೆ 2011ರ ಜನವರಿ 28ರಂದು ತೀರ್ಪಿತ್ತಿದೆ. ಸರ್ಕಾರದ ಅಧಿಸೂಚನೆಯನ್ವಯ ಭೂರಹಿತ ಕಾರ್ಮಿಕರಿಗೆ ಅಥವಾ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಗುತ್ತಿಗೆ ನೀಡಿದ ಜಮೀನು, ಈಗಾಗಲೇ ಶಾಲೆ, ಚಿಕಿತ್ಸಾಲಯಗಳಿರುವ ಜಮೀನು ಮುಂತಾದ ಅಪವಾದ ಸಂದರ್ಭಗಳಲ್ಲಿ ಮಾತ್ರ ಸಕ್ರಮಕ್ಕೆ ಅವಕಾಶವಿರುವುದಾಗಿ ಅದೇ ತೀರ್ಪು ತಿಳಿಸುತ್ತದೆ.