ಕಿಟಕಿಗಳ ಲೆಕ್ಕ

ಅಮೆರಿಕದ ಪಡುವಣ ಸೀಮೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಚಲನಚಿತ್ರದ ಕುದುರೆ ಸವಾರ, ಅವನ ಸೊಂಟದ ಪಿಸ್ತೂಲು. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದ ಕಡತಗಳಲ್ಲಿ ಸಿಕ್ಕುವ ಮನುಷ್ಯನೇ ಬೇರೆ.

1862ರ ಹೋಂಸ್ಟೆಡ್ ಕಾಯಿದೆಯಂತೆ 160 ಎಕರೆ ಬೇಕಾದವನು ಅಲ್ಲಿ ಮನೆ ಕಟ್ಟಿ, ಐದು ವರ್ಷ ನೆಲೆಸಿ, ಸಾಗುವಳಿ ಮಾಡಿದ್ದನ್ನು ಇಬ್ಬರು ಸಾಕ್ಷಿಗಳಿಂದ ರುಜುವಾತುಪಡಿಸಬೇಕಾಗಿತ್ತು. ಮನೆಯ ಉದ್ದಗಲವೆಷ್ಟು, ಕಿಟಕಿಗಳೆಷ್ಟು, ಉತ್ತ ನೆಲವೆಷ್ಟು, ಬಾವಿಯುಂಟೆ, ಎಲ್ಲವೂ ಬರಹಕ್ಕಿಳಿದಿವೆ. ನಮ್ಮ ಶಾನುಭೋಗರೂ ಇಷ್ಟು ಕೆದಕುತ್ತಿರಲಿಲ್ಲವೇನೋ! ಇಂಥ ಕಡತಗಳನ್ನು ಓದುವಾಗ ನನ್ನನ್ನು ಹಿಡಿದು ನಿಲ್ಲಿಸುವುದು ಆ ಕಿಟಕಿಗಳ ಲೆಕ್ಕವೇ. ಮರ ಅಪರೂಪವಾದ ನೆಬ್ರಾಸ್ಕದ ಬಯಲಿನಲ್ಲಿ ಹುಲ್ಲುಬೇರು ಹೆಣೆದ ಮಣ್ಣಿನ ಹೆಂಟೆಗಳನ್ನು ಕೊಯ್ದು ಪೇರಿಸಿದ ಮನೆ. ಅದಕ್ಕೊಂದು ಗಾಜಿನ ಕಿಟಕಿ. ಆ ಬೆಳಕಿನಲ್ಲಿ ಕುಳಿತು ಬಟ್ಟೆ ಹೊಲಿದವಳು ಯಾರು? ವಿಧವೆಯೂ ಅವಿವಾಹಿತೆಯೂ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಬಹುದಿತ್ತು. ಗಂಡನೊಡನೆ ದುಡಿದವಳು ಮಾತ್ರ ‘ಹೆಂಡತಿ ಮತ್ತು ಮಕ್ಕಳು’ ಎಂಬಷ್ಟರಲ್ಲೇ ಮುಗಿದುಹೋಗುತ್ತಾಳೆ.

ಗಣಿಯ ಕಾಗದಗಳಲ್ಲಿ ಮನೆಯ ಸುದ್ದಿಯೇ ಇಲ್ಲ. 1872ರ ಕಾಯಿದೆಯಂತೆ ಅದಿರಿನ ಎಳೆಯುದ್ದಕ್ಕೂ ಹೆಚ್ಚೆಂದರೆ 1500 ಅಡಿ. ವರ್ಷಕ್ಕೆ 100 ಡಾಲರಿನ ಕೆಲಸ ನಡೆಯದಿದ್ದರೆ ಇನ್ನೊಬ್ಬನು ಬಂದು ಗೂಟ ಹೊಡೆಯಬಹುದಿತ್ತು. ದನಗಳ ಒಡೆಯರದು ಬರೆಮುದ್ರೆಗಳ ಪುಸ್ತಕ: ಹೆಸರು, ಮುದ್ರೆಯ ಚಿತ್ರ, ಅಷ್ಟೆ.

ಹೋಂಸ್ಟೆಡ್ ಕಡತಗಳಲ್ಲಿ ನೆಲದ ಮೊದಲ ಒಡೆಯ ಸರ್ಕಾರವೇ. ಅದಕ್ಕೂ ಹಿಂದೆ ನೆಬ್ರಾಸ್ಕದಲ್ಲಿ ಮೆಕ್ಕೆಜೋಳ ಬೆಳೆದಿದ್ದ ಪಾನೀ ಜನರ ಸುದ್ದಿ ಬೇಕಾದರೆ ಒಪ್ಪಂದಗಳ ಕಟ್ಟನ್ನು ಬಿಚ್ಚಬೇಕು. 1857ರಲ್ಲಿ ಅವರು ತಮ್ಮ ನೆಲದ ಬಹುಪಾಲನ್ನು ಬಿಟ್ಟುಕೊಟ್ಟರು. 1870ರ ದಶಕದಲ್ಲಿ ಉಳಿದುದನ್ನೂ ತೊರೆದು ಇಂದಿನ ಓಕ್ಲಹೋಮದತ್ತ ಹೊರಟರು. ಅವರ ಮಣ್ಣಿನ ಮನೆಗಳಿಗೆ ಕಿಟಕಿಗಳೆಷ್ಟೆಂದು ಯಾವ ಗುಮಾಸ್ತನೂ ಕೇಳಲಿಲ್ಲ.